ಅಪ್ಪನಿಗೆ ಪ್ರಾಸ್ಟೇಟ್ ಕ್ಯಾನ್ಸರ್, ಮೂಳೆಗೂ ಹೋಗಿದೆ: ಆಪರೇಷನ್ನಾ, ಇಂಜೆಕ್ಷನ್ನಾ?

ಅಡಿಕೆ ತೋಟ, ಚನ್ನಗಿರಿ ತಾಲ್ಲೂಕು · ಭಾನುವಾರ ರಾತ್ರಿ 10:42

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಆಗುತ್ತದೆ, ಬೇಜಾರಾಗಬೇಡಿ.

ಅಪ್ಪನಿಗೆ 72 ವರ್ಷ. ಊರಲ್ಲಿ ಎರಡು ಎಕರೆ ಅಡಿಕೆ ಇದೆ. ನಾನು ದಾವಣಗೆರೆಯಲ್ಲಿ ಅಂಗಡಿ ಕೆಲಸಕ್ಕಿದ್ದೇನೆ. ಅಪ್ಪನಿಗೆ ಹತ್ತು ವರ್ಷದಿಂದ ಶುಗರ್ ಇದೆ, ಬಿಪಿ ಮಾತ್ರೆಯೂ ನಡೆಯುತ್ತಿದೆ. ಕೊಯ್ಲಿನ ಹೊತ್ತಿಗೆ ಸೊಂಟ ನೋವು ಶುರುವಾಯಿತು. ಗೊನೆ ಹೊತ್ತಿದ್ದಕ್ಕೇ ಇರಬೇಕು ಅಂತ ಎಣ್ಣೆ ತಿಕ್ಕಿದೆವು, ನೋವಿನ ಇಂಜೆಕ್ಷನ್ ಹಾಕಿಸಿದೆವು. ಹೋದ ತಿಂಗಳು ಒಂದು ರಾತ್ರಿ ಉಚ್ಚೆ ಪೂರ್ತಿ ಕಟ್ಟಿಕೊಂಡಿತು. ಆಸ್ಪತ್ರೆಯಲ್ಲಿ ಟ್ಯೂಬ್ ಹಾಕಿದರು. ಆಮೇಲೆ ಒಂದೊಂದೇ ಗೊತ್ತಾಯಿತು. ಪಿಎಸ್‌ಎ, ಅಂದರೆ ಮೂತ್ರಚೀಲದ ಕೆಳಗಿರುವ ಪ್ರಾಸ್ಟೇಟ್ ಗ್ರಂಥಿಯ ರಕ್ತ ಪರೀಕ್ಷೆ, 412, ಬಹಳ ಜಾಸ್ತಿಯಂತೆ. ಬಯಾಪ್ಸಿಯಲ್ಲಿ ಗ್ಲೀಸನ್ (ಕ್ಯಾನ್ಸರ್ ಎಷ್ಟು ಉಗ್ರ ಅಂತ ಹೇಳುವ ಅಂಕ) 4+5, ಅಂದರೆ 9. ಬೋನ್ ಸ್ಕ್ಯಾನ್‌ನಲ್ಲಿ ಬೆನ್ನುಮೂಳೆ, ಸೊಂಟದ ಮೂಳೆ, ಎರಡು ಪಕ್ಕೆಲುಬು.

ಡಾಕ್ಟರು ಎರಡು ದಾರಿ ಹೇಳಿದ್ದಾರೆ. ಒಂದು, ಬೀಜ ತೆಗೆಯುವ ಆಪರೇಷನ್. ಇನ್ನೊಂದು, ಮೂರು ತಿಂಗಳಿಗೊಂದು ಇಂಜೆಕ್ಷನ್, ಬದುಕಿರುವ ತನಕ. ಯಾವುದನ್ನು ಮಾಡಿಸಿದರೂ ಜೊತೆಗೆ ಅಬಿರಾಟೆರೋನ್ ಮಾತ್ರೆ, ಇಲ್ಲ ಕೀಮೋ. ಗುರುವಾರದೊಳಗೆ ಹೇಳಿ ಅಂದಿದ್ದಾರೆ.

ನಿಜವಾದ ಕಷ್ಟ ಬೇರೆಯೇ ಇದೆ. ಅಪ್ಪನಿಗೆ ಕ್ಯಾನ್ಸರ್ ಅಂತ ಹೇಳಿಲ್ಲ. "ಒಳಗೆ ಗಡ್ಡೆ ಊದಿದೆ" ಅಂದಿದ್ದೇವೆ. ದೊಡ್ಡಪ್ಪ, ಮಾವ ಎಲ್ಲ ಸೇರಿ "ಆಪರೇಷನ್ ಬೇಡವೇ ಬೇಡ, ಈ ವಯಸ್ಸಲ್ಲಿ ಅವನ ಮರ್ಯಾದೆ ಕಳೀಬೇಡಿ" ಅನ್ನುತ್ತಿದ್ದಾರೆ. ಇಂಜೆಕ್ಷನ್‌ಗೆ ದುಡ್ಡು ಎಲ್ಲಿಂದ ಅಂತ ಮಾತ್ರ ಯಾರೂ ಹೇಳುವುದಿಲ್ಲ. ಅಮ್ಮ ಬಾಯೇ ಬಿಡುತ್ತಿಲ್ಲ. ಏನು ಮಾಡಲಿ?

ಹೊಳಲ್ಕೆರೆ ಮೇಷ್ಟ್ರು · ಭಾನುವಾರ ರಾತ್ರಿ 11:20

ತಮ್ಮಾ, ನಾನು ನಿಮ್ಮ ಅಪ್ಪನ ಪಾರ್ಟಿ. ಅಂದರೆ ರೋಗಿ.

2021ರಲ್ಲಿ ನನಗೂ ಇದೇ ಆಯಿತು. ಪಿಎಸ್‌ಎ 280, ಸೊಂಟದ ಮೂಳೆಗೆ ಹೋಗಿತ್ತು. ನಾನು ಆಪರೇಷನ್ನೇ ಮಾಡಿಸಿಕೊಂಡೆ. ಆ ಜಾಗಕ್ಕಷ್ಟೇ ಮರಗಟ್ಟಿಸುವ ಸೂಜಿ ಕೊಟ್ಟರು. ಅರ್ಧ ಗಂಟೆಯ ಕೆಲಸ. ಮರುದಿನ ಮನೆಯಲ್ಲಿ ಕೂತು ರೊಟ್ಟಿ ತಿಂದೆ.

ಯಾರೂ ಹೇಳದ ಒಂದು ವಿಷಯ ಹೇಳುತ್ತೇನೆ. ಬೀಜದ ಚೀಲ ತೆಗೆಯುವುದಿಲ್ಲ. ಒಳಗಿನ ತಿರುಳು ಮಾತ್ರ ತೆಗೆದು ಮೇಲಿನ ಪದರ ಉಳಿಸುವ ವಿಧಾನವೂ ಇದೆ. ಹಾಗೆ ಮಾಡಿದರೆ ಹೊರಗಿನಿಂದ ಖಾಲಿ ಕಾಣುವುದಿಲ್ಲ. ಸರ್ಜನ್‌ಗೆ ಬಾಯಿಬಿಟ್ಟು ಕೇಳಿ. ನನಗೆ ಇದು ಮೊದಲೇ ಗೊತ್ತಿದ್ದರೆ ಮೂರು ರಾತ್ರಿ ನಿದ್ದೆ ಕೆಡುತ್ತಿರಲಿಲ್ಲ.

ಇನ್ನು ಮರ್ಯಾದೆ ವಿಷಯ. ಇಂಜೆಕ್ಷನ್ ಮಾಡುವುದೂ ಅದೇ ಕೆಲಸ ಅಂತ ನಿಮ್ಮ ದೊಡ್ಡಪ್ಪನಿಗೆ ತಿಳಿಸಿ. ಗಂಡಸಿನ ಹಾರ್ಮೋನನ್ನು ನೆಲ ಮುಟ್ಟಿಸುವುದೇ ಎರಡರ ಉದ್ದೇಶ. ಆಸೆ ಹೋಗುವುದು, ಮೈ ಬಿಸಿ ಏರುವುದು, ಸುಸ್ತು, ಎಲ್ಲ ಎರಡರಲ್ಲೂ ಇದೆ. ವ್ಯತ್ಯಾಸ ಇಷ್ಟೇ: ಆಪರೇಷನ್‌ಗೆ ಒಂದೇ ಸಲ ಖರ್ಚು, ಮತ್ತೆ ತಾರೀಖು ನೋಡುವ ಗೋಜಿಲ್ಲ. ಆದರೆ ವಾಪಸ್ ಬರುವ ದಾರಿಯೂ ಇಲ್ಲ.

ನಾನು ಒಪ್ಪಿದ್ದು ನನಗೆ ಎಲ್ಲ ಗೊತ್ತಿದ್ದರಿಂದ. ನಿಮ್ಮ ಅಪ್ಪನಿಗೆ ಗೊತ್ತಿಲ್ಲದೆ ಅವರ ಮೈಮೇಲೆ ಇದನ್ನು ಮಾಡಿಸಿದರೆ ಅದು ಬೇರೆ ಮಾತು. ಮೂವತ್ತು ವರ್ಷ ಪಾಠ ಮಾಡಿದವನು, ಕೋಪ ಬಂದರೆ ಕ್ಷಮಿಸಿ.

ರೇಡಿಯೇಷನ್ ವಾರ್ಡ್ · ಸೋಮವಾರ ಬೆಳಿಗ್ಗೆ 6:55

ನಾನು ದಾವಣಗೆರೆಯಲ್ಲಿ ಓದಿ ಈಗ ಬೇರೆ ಊರಲ್ಲಿ ಕ್ಯಾನ್ಸರ್ ವಿಭಾಗದಲ್ಲಿ ಡ್ಯೂಟಿ ಮಾಡುತ್ತಿರುವ ಡಾಕ್ಟರ್. ನಿಮ್ಮ ಅಪ್ಪನನ್ನು ನಾನು ನೋಡಿಲ್ಲ. ಹಾಗಾಗಿ ಇದನ್ನು ಔಷಧಿ ಚೀಟಿ ಅಂತ ತಿಳಿಯಬೇಡಿ, ನಿಮ್ಮ ಡಾಕ್ಟರ ಮುಂದೆ ಕೇಳಲು ಪ್ರಶ್ನೆ ಅಂತ ಇಟ್ಟುಕೊಳ್ಳಿ.

ಮೇಷ್ಟ್ರು ಹೇಳಿದ್ದು ಸರಿ. ಈ ಕ್ಯಾನ್ಸರ್ ಟೆಸ್ಟೋಸ್ಟೆರಾನ್ ಅನ್ನುವ ಹಾರ್ಮೋನನ್ನು ಉಂಡು ಬೆಳೆಯುತ್ತದೆ. ಅದನ್ನು ಕಿತ್ತುಕೊಂಡರೆ ಸೊರಗುತ್ತದೆ ಅಂತ 1941ರಲ್ಲೇ ಚಿಕಾಗೋದ ಚಾರ್ಲ್ಸ್ ಹಗಿನ್ಸ್ ತೋರಿಸಿದರು. ಅದಕ್ಕೆ 1966ರಲ್ಲಿ ನೊಬೆಲ್ ಬಂತು. ಇವತ್ತಿಗೂ ಚಿಕಿತ್ಸೆಯ ಅಡಿಪಾಯ ಅದೇ. ಕೆಲಸದಲ್ಲಿ ಆಪರೇಷನ್ ಇಂಜೆಕ್ಷನ್‌ಗಿಂತ ಕಡಿಮೆಯೇನಲ್ಲ. ಒಂದು ದಿನದೊಳಗೆ ಹಾರ್ಮೋನ್ ಕುಸಿಯುತ್ತದೆ.

ಇಂಜೆಕ್ಷನ್‌ನಲ್ಲಿ ಒಂದು ಎಚ್ಚರ ಬೇಕು. ಲ್ಯೂಪ್ರೊಲೈಡ್, ಗೊಸೆರೆಲಿನ್ ಥರದವು ಮೊದಲ ಒಂದೆರಡು ವಾರ ಹಾರ್ಮೋನನ್ನು ಇಳಿಸುವ ಬದಲು ಏರಿಸುತ್ತವೆ. ಬೆನ್ನುಮೂಳೆಗೆ ಹರಡಿದವರಲ್ಲಿ ಆ ಏರಿಕೆ ಅಪಾಯ. ಅದಕ್ಕೇ ಮೊದಲು ಹಾರ್ಮೋನಿನ ಕೆಲಸ ತಡೆಯುವ ಬೈಕಾಲುಟಮೈಡ್ ಮಾತ್ರೆ ಶುರು ಮಾಡಿ, ಆಮೇಲೆ ಸೂಜಿ ಕೊಡುತ್ತಾರೆ. ಡೆಗಾರೆಲಿಕ್ಸ್ ಅನ್ನುವ ಇನ್ನೊಂದು ಇಂಜೆಕ್ಷನ್‌ಗೆ ಈ ಏರಿಕೆ ಇಲ್ಲ, ಮೂರೇ ದಿನದಲ್ಲಿ ಇಳಿಸುತ್ತದೆ. ಆದರೆ ಅದನ್ನು ತಿಂಗಳು ತಿಂಗಳು ಹಾಕಿಸಬೇಕು.

ಈಗ ಎರಡನೇ ಔಷಧಿ. ಬೀಜ ತೆಗೆದರೂ ಮೂತ್ರಪಿಂಡದ ಮೇಲಿರುವ ಅಡ್ರಿನಲ್ ಗ್ರಂಥಿ ಸ್ವಲ್ಪ ಹಾರ್ಮೋನ್ ಮಾಡುತ್ತಲೇ ಇರುತ್ತದೆ. ಗಡ್ಡೆಯೂ ತನಗೆ ಬೇಕಾದ್ದನ್ನು ತಾನೇ ಮಾಡಿಕೊಳ್ಳುತ್ತದೆ. ಅಬಿರಾಟೆರೋನ್ ಆ ಹಿತ್ತಿಲ ಬಾಗಿಲನ್ನೂ ಮುಚ್ಚುತ್ತದೆ. ನಿಮ್ಮ ಅಪ್ಪನಂಥವರ ಮೇಲೇ, ಅಂದರೆ ಮೂಳೆಗೆ ಹರಡಿದ, ಗ್ಲೀಸನ್ 8ಕ್ಕಿಂತ ಕಡಿಮೆ ಇಲ್ಲದವರು ಹೆಚ್ಚಾಗಿದ್ದ ಲ್ಯಾಟಿಟ್ಯೂಡ್ ಅನ್ನುವ ಅಧ್ಯಯನ ನಡೆದಿದೆ. ಅದರಲ್ಲಿ ಬರೀ ಹಾರ್ಮೋನ್ ಇಳಿಸಿದವರ ಮಧ್ಯಾಂಕ ಆಯಸ್ಸು 36.5 ತಿಂಗಳು. ಅಬಿರಾಟೆರೋನ್ ಸೇರಿಸಿದವರದ್ದು 53.3 ತಿಂಗಳು. ಮಧ್ಯಾಂಕ ಅಂದರೆ ಅರ್ಧ ಜನ ಅದಕ್ಕಿಂತ ಹೆಚ್ಚು, ಅರ್ಧ ಜನ ಕಡಿಮೆ. ನಿಮ್ಮ ಅಪ್ಪನ ಕ್ಯಾಲೆಂಡರ್ ಅಲ್ಲ ಅದು.

ಡೊಸಿಟಾಕ್ಸೆಲ್ ಕೀಮೋ ಮೂರು ವಾರಕ್ಕೊಂದರಂತೆ ಆರು ಸಲ. ಜಾಸ್ತಿ ಹರಡಿದವರಿಗೆ ಅದರಿಂದಲೂ ಲಾಭ ಇದೆ. ಮೈ ಗಟ್ಟಿ ಇದ್ದವರಿಗೆ ಹಾರ್ಮೋನ್ ಇಳಿಸುವುದು, ಅಬಿರಾಟೆರೋನ್, ಕೀಮೋ ಮೂರನ್ನೂ ಸೇರಿಸಿ ಕೊಡುವ ಪದ್ಧತಿಯೂ ಬಂದಿದೆ. 72 ವಯಸ್ಸು, ಶುಗರ್, ಈಗ ಟ್ಯೂಬ್ ಬೇರೆ. ಸೋಂಕಿನ ಭಯ ಇರುತ್ತದೆ. ಅವರ ಓಡಾಟ ಹೇಗಿದೆ, ಹೃದಯ, ಕಿಡ್ನಿ ಹೇಗಿವೆ ಅಂತ ನೋಡಿ ತೂಗಬೇಕು.

ಕೊನೆಗೆ, ಒಪ್ಪಿಗೆ ಪತ್ರಕ್ಕೆ ಸಹಿ ಹಾಕಬೇಕಾದವರು ನಿಮ್ಮ ಅಪ್ಪ, ನಿಮ್ಮ ಮಾವ ಅಲ್ಲ.

ಹೆದ್ದಾರಿ 48 · ಸೋಮವಾರ ಬೆಳಿಗ್ಗೆ 9:10

ಇಷ್ಟೆಲ್ಲ ಯಾಕೆ ಅಣ್ಣಾ? ಮಲೆನಾಡ ಕಡೆ ಮರದ ಚಕ್ಕೆ ಕೊಡುತ್ತಾರೆ. ಕಷಾಯ ಮಾಡಿ ಕುಡಿದರೆ ಸಾಕು. ನಮ್ಮ ಭಾವನಿಗೆ ಪೂರ್ತಿ ವಾಸಿಯಾಗಿದೆ. ಇಂಗ್ಲಿಷ್ ಔಷಧಿ ಜೊತೆಗೇ ತಗೊಳ್ಳಬಹುದು, ತೊಂದರೆ ಇಲ್ಲ.

ಮೆಡಿಕಲ್ ಶಾಪ್, ಪಿ.ಜೆ. ಬಡಾವಣೆ · ಸೋಮವಾರ ಮಧ್ಯಾಹ್ನ 2:30

ಅಣ್ಣಾ, ನಿಮ್ಮ ಭಾವನಿಗೆ ಬಯಾಪ್ಸಿ ಆಗಿತ್ತಾ? ಪಿಎಸ್‌ಎ ಎಷ್ಟಿದ್ದದ್ದು ಎಷ್ಟಾಯಿತು? ಜಗಳಕ್ಕೆ ಕೇಳುತ್ತಿಲ್ಲ. ವಯಸ್ಸಾದ ಮೇಲೆ ಪ್ರಾಸ್ಟೇಟ್ ಊದುವುದು ಬಹಳ ಮಂದಿಗೆ ಇರುತ್ತದೆ, ಅದು ಕ್ಯಾನ್ಸರ್ ಅಲ್ಲ.

"ಜೊತೆಗೇ ತಗೊಳ್ಳಬಹುದು" ಅನ್ನುವುದನ್ನು ಮಾತ್ರ ಒಪ್ಪುವುದಿಲ್ಲ. ಅಬಿರಾಟೆರೋನ್ ಲಿವರ್‌ಗೆ ಪೆಟ್ಟು ಕೊಡಬಹುದು. ಮೊದಲ ಮೂರು ತಿಂಗಳು ಎರಡು ವಾರಕ್ಕೊಮ್ಮೆ ಲಿವರ್ ರಕ್ತ ಪರೀಕ್ಷೆ ಮಾಡಿಸಬೇಕು. ಜೊತೆಗೆ ಏನೋ ಒಂದು ಕಷಾಯ ಕುಡಿದು ಲಿವರ್ ಏರುಪೇರಾದರೆ ಯಾವುದರಿಂದ ಆಯಿತು ಅಂತ ಹೇಳುವವರು ಯಾರು? ಕೆಲಸ ಮಾಡುತ್ತಿರುವ ಮಾತ್ರೆಯನ್ನೇ ನಿಲ್ಲಿಸಬೇಕಾಗುತ್ತದೆ.

ತೋಟದ ಅಣ್ಣನಿಗೆ ಒಂದಿಷ್ಟು. ಅಬಿರಾಟೆರೋನ್‌ನ ಮಾಮೂಲಿ ಡೋಸ್ ದಿನಕ್ಕೆ 1000 ಮಿಲಿಗ್ರಾಂ, ಖಾಲಿ ಹೊಟ್ಟೆಯಲ್ಲಿ. ಊಟ ಆಗಿ ಎರಡು ಗಂಟೆ ಕಳೆದಿರಬೇಕು, ನುಂಗಿದ ಮೇಲೆ ಒಂದು ಗಂಟೆ ಏನೂ ತಿನ್ನಬಾರದು. ತಿಂದು ನುಂಗಿದರೆ ಔಷಧಿ ರಕ್ತಕ್ಕೆ ಮಿತಿ ಮೀರಿ ಸೇರುತ್ತದೆ. ಇದನ್ನೇ ಬಳಸಿಕೊಂಡು 250 ಮಿಲಿಗ್ರಾಂ ಊಟದ ಜೊತೆ ಕೊಡುವ ಪ್ರಯೋಗ 2018ರಲ್ಲಿ ಬಂತು, ಚಿಕ್ಕ ಅಧ್ಯಯನ. ದುಡ್ಡಿನ ಕಷ್ಟ ಇದ್ದವರಿಗೆ ಕೆಲವು ಡಾಕ್ಟರು ಹಾಗೆ ಬರೆಯುತ್ತಾರೆ. ನೀವೇ ಮನೆಯಲ್ಲಿ ಮಾತ್ರೆ ಕಡಿಮೆ ಮಾಡಬೇಡಿ, ಕೇಳಿ ಮಾಡಿ.

ಇದರ ಜೊತೆ ಪ್ರೆಡ್ನಿಸೋಲೋನ್ ಅನ್ನುವ ಸ್ಟೀರಾಯ್ಡ್ ಮಾತ್ರೆ ಇದ್ದೇ ಇರುತ್ತದೆ. ಅದು ಶುಗರ್ ಏರಿಸುತ್ತದೆ. ಅಬಿರಾಟೆರೋನ್ ಬಿಪಿ ಏರಿಸಿ ಪೊಟ್ಯಾಸಿಯಂ ಇಳಿಸಬಹುದು. ನಿಮ್ಮ ಅಪ್ಪನಿಗೆ ಎರಡೂ ಕಾಯಿಲೆ ಇರುವುದರಿಂದ ಶುಗರ್ ಡಾಕ್ಟರಿಗೂ ಮೊದಲೇ ತಿಳಿಸಿ. ಪ್ರೆಡ್ನಿಸೋಲೋನನ್ನು ಒಮ್ಮೆಗೇ ನಿಲ್ಲಿಸಲೇಬೇಡಿ. ಇನ್ನೊಂದು, ಮಾತ್ರೆ ಒಂದೇ ಆದರೂ ಕಂಪನಿಯಿಂದ ಕಂಪನಿಗೆ ಬೆಲೆ ಬಹಳ ಹೆಚ್ಚುಕಡಿಮೆ ಇರುತ್ತದೆ. ಚೀಟಿಯಲ್ಲಿ ಔಷಧಿಯ ಮೂಲ ಹೆಸರು ಬರೆಸಿಕೊಂಡು ನಾಲ್ಕು ಕಡೆ ವಿಚಾರಿಸಿ. ನನ್ನ ಅಂಗಡಿಯನ್ನೂ ಸೇರಿಸಿಯೇ ಹೇಳುತ್ತಿದ್ದೇನೆ.

ಕೋಟೆ ಊರಿನ ಮಗಳು · ಸೋಮವಾರ ರಾತ್ರಿ 9:48

ನಿನ್ನೆ ರಾತ್ರಿಯಿಂದ ಓದುತ್ತಿದ್ದೇನೆ. ಬರೆಯಬೇಕೋ ಬೇಡವೋ ಅಂತ ಯೋಚಿಸಿದೆ. ಬರೆಯುತ್ತೇನೆ.

ನಮ್ಮ ಅಪ್ಪಾಜಿಗೂ ಬೆನ್ನುಮೂಳೆಗೆ ಹೋಗಿತ್ತು. ಚಿತ್ರದುರ್ಗದಲ್ಲಿದ್ದೆವು. ಚಿಕಿತ್ಸೆ ಶುರುವಾಗಿ ಒಂದು ವರ್ಷ ಚೆನ್ನಾಗಿಯೇ ಇದ್ದರು. ಬೆಳಿಗ್ಗೆ ಚಂದ್ರವಳ್ಳಿ ತನಕ ನಡೆದು ಬರುತ್ತಿದ್ದರು. ಒಂದು ಶುಕ್ರವಾರ "ಕಾಲು ಜೋಮು ಹಿಡಿದಂಗೆ ಆಗ್ತಿದೆ" ಅಂದರು. ಶನಿವಾರ ಚಪ್ಪಲಿ ಕಾಲಿಂದ ಜಾರಿದ್ದು ಅವರಿಗೆ ಗೊತ್ತೇ ಆಗಲಿಲ್ಲ. ನಾವು ವಾಯು ಅಂದುಕೊಂಡೆವು. ಮಾಲೀಸು ಮಾಡುವವರನ್ನು ಕರೆಸಿದೆವು. ಭಾನುವಾರ ಒಂದು ಆಸ್ಪತ್ರೆಗೆ ಹೋದರೆ, ಡ್ಯೂಟಿಯಲ್ಲಿದ್ದವರು ನೋವಿನ ಇಂಜೆಕ್ಷನ್ ಕೊಟ್ಟು "ಸೋಮವಾರ ದೊಡ್ಡ ಡಾಕ್ಟರು ಬರುತ್ತಾರೆ" ಅಂತ ಕಳಿಸಿದರು. ಸೋಮವಾರ ಬೆಳಿಗ್ಗೆ ಎರಡೂ ಕಾಲಿನ ಸ್ವಾಧೀನ ಹೋಗಿತ್ತು. ಆಮೇಲೆ ಎಂಆರ್‌ಐ, ರೇಡಿಯೇಷನ್ ಎಲ್ಲ ಆಯಿತು. ಎದ್ದು ನಡೆಯಲಿಲ್ಲ. ಏಳು ತಿಂಗಳು ಮಲಗಿದ್ದರು.

ಅದಕ್ಕೇ ನಿಮ್ಮ ಮನೆಯಲ್ಲಿ ಎಲ್ಲರಿಗೂ ಹೇಳಿಡಿ. ಕಾಲಿಗೆ ಶಕ್ತಿ ಕಡಿಮೆ ಆದರೆ, ಜೋಮು ಹಿಡಿದರೆ, ಬೆನ್ನುನೋವು ಇದ್ದಕ್ಕಿದ್ದಂತೆ ಜಾಸ್ತಿಯಾಗಿ ಮಲಗಿದಾಗಲೂ ಬಿಡದಿದ್ದರೆ, ಉಚ್ಚೆ ಸಂಡಾಸದ ಹಿಡಿತ ತಪ್ಪಿದರೆ, ಅವತ್ತೇ ಹೋಗಬೇಕು. ನಿಮ್ಮ ಅಪ್ಪನಿಗೆ ಟ್ಯೂಬ್ ಇದೆ, ಹಾಗಾಗಿ ಉಚ್ಚೆಯ ಲಕ್ಷಣ ಗೊತ್ತಾಗುವುದಿಲ್ಲ. ಕಾಲನ್ನೇ ನೋಡುತ್ತಿರಿ. ಮಾಲೀಸು ಬೇಡವೇ ಬೇಡ.

ರೇಡಿಯೇಷನ್ ವಾರ್ಡ್ · ಸೋಮವಾರ ರಾತ್ರಿ 10:15

ಅಕ್ಕಾ, ಬರೆದದ್ದು ಒಳ್ಳೆಯದಾಯಿತು. ಬೆನ್ನುಹುರಿ ಒತ್ತಿಹೋಗುವುದು ಗಂಟೆಗಳ ಲೆಕ್ಕದ ಎಮರ್ಜೆನ್ಸಿ. ನಡೆಯುತ್ತಿರುವಾಗಲೇ ಬಂದವರು ಸಾಮಾನ್ಯವಾಗಿ ನಡೆಯುತ್ತಲೇ ಉಳಿಯುತ್ತಾರೆ. ಆಸ್ಪತ್ರೆ ಬಾಗಿಲಲ್ಲೇ "ಬೆನ್ನುಮೂಳೆಗೆ ಹರಡಿದ ಪ್ರಾಸ್ಟೇಟ್ ಕ್ಯಾನ್ಸರ್ ಇದೆ, ಕಾಲು ಸೋಲುತ್ತಿದೆ" ಅಂತ ಇದೇ ಮಾತಲ್ಲಿ ಹೇಳಿ. "ಸೊಂಟ ನೋವು" ಅಂದರೆ ಸಾಲಿನಲ್ಲಿ ಕೂರಿಸುತ್ತಾರೆ.

ಬರೀ ಮೂಳೆ ನೋವಿಗಾದರೆ ಒಂದೇ ಸಲ ಕೊಡುವ 8 ಗ್ರೇ (ಗ್ರೇ ಅಂದರೆ ರೇಡಿಯೇಷನ್ ಅಳತೆ) ರೇಡಿಯೇಷನ್ ಬಹಳ ಜನಕ್ಕೆ ಸಾಕಾಗುತ್ತದೆ. ದಿನಾ ಓಡಾಡಬೇಕಿಲ್ಲ. ನೋವಿನ ಮಾತ್ರೆಯನ್ನು ಅಂಗಡಿಯಿಂದ ತಂದು ತಿಂಗಳುಗಟ್ಟಲೆ ನುಂಗಿಸಬೇಡಿ, ಕಿಡ್ನಿ ಹಾಳಾಗುತ್ತದೆ. ಮಾರ್ಫಿನ್ ಬರೆದರೆ ಹೆದರಬೇಡಿ. ಅದು ಸಾಯುವವರ ಔಷಧಿ ಅಲ್ಲ, ನೋವಿನ ಔಷಧಿ. ಮಲಬದ್ಧತೆ ಮಾತ್ರ ಖಂಡಿತ ಆಗುತ್ತದೆ, ಅದಕ್ಕೆ ಮಾತ್ರೆ ಜೊತೆಗೇ ಕೇಳಿ ಪಡೆಯಿರಿ.

ಹರಿಹರದ ಅಜ್ಜಿ · ಮಂಗಳವಾರ ಬೆಳಿಗ್ಗೆ 7:30

ಮೊಮ್ಮಗಳು ಟೈಪ್ ಮಾಡಿಕೊಡುತ್ತಿದ್ದಾಳೆ. ನಮ್ಮ ಯಜಮಾನರಿಗೆ ಇಂಜೆಕ್ಷನ್ ಶುರುವಾಗಿ ಎರಡೂವರೆ ವರ್ಷ. ಹೆಂಗಸರ ಕಡೆಯಿಂದ ನಾಲ್ಕು ಮಾತು.

ಮುಟ್ಟು ನಿಲ್ಲುವಾಗ ನಮಗೆ ಆಗುತ್ತಿತ್ತಲ್ಲ, ಮೈಯೆಲ್ಲ ಕೆಂಡವಾಗಿ ಬೆವರುವುದು, ಅದು ಇವರಿಗೆ ಬಂತು. ನಡುರಾತ್ರಿ ಎದ್ದು ಫ್ಯಾನ್ ಕೆಳಗೆ ನಿಲ್ಲುತ್ತಾರೆ. ನಾನು ಮೊದಲು ನಕ್ಕೆ, ಆಮೇಲೆ ಪಾಪ ಅನ್ನಿಸಿತು. ತೋಳಿನ ಬಲ ಇಳಿಯಿತು, ಹೊಟ್ಟೆ ಬಂತು. ಸಣ್ಣದಕ್ಕೂ ಕಣ್ಣೀರು. ಮಿಲ್ಲಿನಲ್ಲಿ ಲೇಬರ್ ಯೂನಿಯನ್ ಲೀಡರ್ ಆಗಿದ್ದ ಮನುಷ್ಯ, ಟಿವಿ ನೋಡಿ ಅಳುತ್ತಿದ್ದರು. ಅದು ಅವರ ಗುಣ ಅಲ್ಲ, ಔಷಧಿಯ ಗುಣ ಅಂತ ನರ್ಸ್ ಹೇಳಿದ ಮೇಲೆ ನನಗೆ ಸಮಾಧಾನ. ದಿನಾ ನಡೆಸಿ, ಸಣ್ಣ ಭಾರ ಎತ್ತಿಸಿ ಅಂದರು. ನೀರು ತುಂಬಿದ ಎರಡು ಬಾಟಲಿ ಎತ್ತುತ್ತಾರೆ.

ಮೂಳೆಗೆ ಜೊಲೆಡ್ರೋನಿಕ್ ಆಸಿಡ್ ಅಂತ ಡ್ರಿಪ್ ಹಾಕುತ್ತಾರೆ. ಅದಕ್ಕೆ ಮೊದಲು ಹಲ್ಲು ತೋರಿಸಿ. ಕೀಳಿಸುವ ಹಲ್ಲಿದ್ದರೆ ಮೊದಲೇ ಕೀಳಿಸಿ. ಆಮೇಲೆ ಕೀಳಿಸಿದರೆ ದವಡೆ ಮೂಳೆ ವಾಸಿಯಾಗದೆ ಕೊಳೆಯುವ ಭಯ ಇದೆಯಂತೆ. ನಮಗೆ ಇದು ತಡವಾಗಿ ಗೊತ್ತಾಯಿತು, ಪುಣ್ಯಕ್ಕೆ ಏನೂ ಆಗಲಿಲ್ಲ.

ನಿನ್ನ ಅಮ್ಮ ಮಾತಾಡುತ್ತಿಲ್ಲ ಅಂದೆಯಲ್ಲ ಮಗಾ. ಅವರನ್ನು ಯಾರಾದರೂ ಕೇಳಿದ್ದೀರಾ?

ಮಂಡಕ್ಕಿ ಮಿರ್ಚಿ · ಮಂಗಳವಾರ ಮಧ್ಯಾಹ್ನ 1:05

ದುಡ್ಡಿನ ವಿಷಯ ನಾನು ಹೇಳುತ್ತೇನೆ, ಮಾವನಿಗಾಗಿ ಓಡಾಡಿ ಕಲಿತದ್ದು. ಬಿಪಿಎಲ್ ಕಾರ್ಡ್ ಇದ್ದರೆ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದಲ್ಲಿ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದ ತನಕ. ಎಪಿಎಲ್ ಆದರೆ ಪ್ಯಾಕೇಜ್ ದರದ ಶೇಕಡಾ 30, ವರ್ಷಕ್ಕೆ ಒಂದೂವರೆ ಲಕ್ಷದ ಮಿತಿ. ಮಾಮೂಲಾಗಿ ಸರ್ಕಾರಿ ಆಸ್ಪತ್ರೆಯಿಂದ ರೆಫರಲ್ ಬೇಕು. ಆಸ್ಪತ್ರೆಯಲ್ಲಿ ಆರೋಗ್ಯ ಮಿತ್ರ ಅಂತ ಒಬ್ಬರು ಕೂತಿರುತ್ತಾರೆ, ಅವರನ್ನು ಮೊದಲ ದಿನವೇ ಹಿಡಿಯಿರಿ. ಯಾವ ಇಂಜೆಕ್ಷನ್, ಯಾವ ಮಾತ್ರೆ ಪ್ಯಾಕೇಜಿಗೆ ಬರುತ್ತದೆ ಅಂತ ಹೆಸರು ಹಿಡಿದು ಕೇಳಿ. ಮೊದಲು ಕೈಯಿಂದ ಕಟ್ಟಿ ಆಮೇಲೆ ಕ್ಲೇಮ್ ಮಾಡುತ್ತೇವೆ ಅಂದುಕೊಂಡರೆ ನನ್ನ ಹಾಗೆ ಕೈ ಸುಟ್ಟುಕೊಳ್ಳುತ್ತೀರಿ.

ಎರಡನೇ ಅಭಿಪ್ರಾಯ ಬೇಕಿದ್ದರೆ ಬೆಂಗಳೂರಿನ ಕಿದ್ವಾಯಿ ಕ್ಯಾನ್ಸರ್ ಆಸ್ಪತ್ರೆ ಇದೆ. ಬೆಳಿಗ್ಗೆ ಬೇಗ ಮುಟ್ಟಬೇಕು, ರಾತ್ರಿ ಬಸ್ಸೇ ವಾಸಿ. ಬಯಾಪ್ಸಿಯ ರಿಪೋರ್ಟ್ ಅಷ್ಟೇ ಸಾಲದು, ಸ್ಲೈಡ್ ಮತ್ತು ಬ್ಲಾಕ್ (ತೆಗೆದ ತುಣುಕು ಇಟ್ಟ ಗಾಜು, ಮೇಣದ ಗಟ್ಟಿ) ಕೂಡ ಕೇಳಿ ತೆಗೆದುಕೊಂಡು ಹೋಗಿ. ಇಲ್ಲದಿದ್ದರೆ ಅದಕ್ಕೇ ಮತ್ತೊಂದು ಸಲ ಹೋಗಬೇಕಾಗುತ್ತದೆ.

ಅಡಿಕೆ ತೋಟ, ಚನ್ನಗಿರಿ ತಾಲ್ಲೂಕು · ಗುರುವಾರ ರಾತ್ರಿ 9:30

ಎಲ್ಲರಿಗೂ ಋಣಿ. ನಡೆದದ್ದು ಹೇಳುತ್ತೇನೆ.

ಬುಧವಾರ ಊರಿಗೆ ಹೋದೆ. ದೊಡ್ಡಪ್ಪನಿಗೆ ಹೇಳಲಿಲ್ಲ. ಅಪ್ಪ ಪಡಸಾಲೆಯಲ್ಲಿ ಕೂತಿದ್ದರು, ಅಮ್ಮ ಒಳಗೆ ಅವರೆಕಾಯಿ ಬಿಡಿಸುತ್ತಿದ್ದರು. ಅಮ್ಮನನ್ನೂ ಕರೆದು ಕೂರಿಸಿದೆ. ಹೇಳಿದೆ, ಕ್ಯಾನ್ಸರ್ ಅಂತಲೇ. ಅಪ್ಪ ಸುಮಾರು ಹೊತ್ತು ಸುಮ್ಮನಿದ್ದರು. ಆಮೇಲೆ ಮೊದಲು ಕೇಳಿದ್ದು, "ಈ ಟ್ಯೂಬ್ ಹೋಗುತ್ತಾ?"

ನಾನು ಆಪರೇಷನ್, ಇಂಜೆಕ್ಷನ್, ಮರ್ಯಾದೆ ಅಂತ ಏನೇನೋ ತಯಾರಿ ಮಾಡಿಕೊಂಡು ಹೋಗಿದ್ದೆ. ಅವರ ತಲೆಯಲ್ಲಿ ಇದ್ದದ್ದು ಆ ಉಚ್ಚೆ ಚೀಲ. ಒಂದು ತಿಂಗಳಿಂದ ಕಟ್ಟೆಗೆ ಹೋಗಿಲ್ಲ, ಮದುವೆಗೆ ಹೋಗಿಲ್ಲ. ಸೊಂಟ ನೋವು ಅಂತ ನಾವು ತಿಳಿದಿದ್ದೆವು. ಚೀಲ ಯಾರಿಗಾದರೂ ಕಂಡೀತು ಅಂತ ಹೋಗಿಲ್ಲ. ಅದು ಅಮ್ಮನಿಗೆ ಗೊತ್ತಿತ್ತು. "ನೀವು ಗಂಡಸರೆಲ್ಲ ಮಾತಾಡ್ತಿದ್ರಿ, ನಾನೆಲ್ಲಿ ಹೇಳಲಿ" ಅಂದರು.

ಇವತ್ತು ಮೂವರೂ ಡಾಕ್ಟರ ಹತ್ತಿರ ಹೋದೆವು. ಹಾರ್ಮೋನ್ ಇಳಿದರೆ ಗಡ್ಡೆ ಕುಗ್ಗುತ್ತದೆ, ಕೆಲವು ವಾರ ಬಿಟ್ಟು ಟ್ಯೂಬ್ ತೆಗೆದು ನೋಡೋಣ, ಆಗಲೂ ಉಚ್ಚೆ ಹೋಗದಿದ್ದರೆ ಒಳಗಿನಿಂದ ಕೆರೆದು ದಾರಿ ಮಾಡುವ ಆಪರೇಷನ್ ಇದೆ ಅಂದರು. ಅಪ್ಪ ಎಲ್ಲ ಕೇಳಿದರು. ಕೀಮೋ ಬೇಡ ಅಂದರು. ಅಬಿರಾಟೆರೋನ್ ತಗೊಳ್ಳುತ್ತಾರೆ. ಮೊದಲ ಮೂರು ತಿಂಗಳು ಇಂಜೆಕ್ಷನ್. "ಅದು ಹೆಂಗಿರುತ್ತೆ ಅಂತ ಮೈಗೆ ಗೊತ್ತಾಗಲಿ. ಮುಂದಿನ ಕೊಯ್ಲಿಗೆ ಮೊದಲು ಆಪರೇಷನ್ ಮಾಡಿಸ್ಕೊಳ್ಳೋದಾ ಅಂತ ನಾನೇ ಹೇಳ್ತೀನಿ" ಅಂದರು. ಡಾಕ್ಟರು ಹಾಗೆಯೂ ಮಾಡಬಹುದು ಅಂದರು. ಬೈಕಾಲುಟಮೈಡ್ ಇವತ್ತಿಂದಲೇ ಶುರು. ನಾನು ಕೇಳುವ ಮೊದಲೇ ಬರೆದರು.

ದೊಡ್ಡಪ್ಪ ಫೋನ್ ಮಾಡಿ ಬೈದರು. ಅಪ್ಪನ ಕೈಗೆ ಫೋನ್ ಕೊಟ್ಟೆ.

ಹೊಳಲ್ಕೆರೆ ಮೇಷ್ಟ್ರು · ಗುರುವಾರ ರಾತ್ರಿ 10:02

ನಾನಾಗಿದ್ದರೆ ಮೊದಲೇ ಆಪರೇಷನ್ ಅನ್ನುತ್ತಿದ್ದೆ. ಇರಲಿ, ಮೈ ಅವರದ್ದು. ಇಂಜೆಕ್ಷನ್ ತಾರೀಖು ಕ್ಯಾಲೆಂಡರ್‌ನಲ್ಲಿ ಕೆಂಪು ಶಾಯಿಯಲ್ಲಿ ಗುರುತು ಹಾಕಿ. ಜಾತ್ರೆ, ಕೊಯ್ಲು ಅಂತ ಮುಂದೆ ಹಾಕಿದರೆ ಹಾರ್ಮೋನ್ ಮತ್ತೆ ತಲೆ ಎತ್ತುತ್ತದೆ.

ನನ್ನದೂ ಕೇಳಿಕೊಳ್ಳಿ, ಸುಳ್ಳು ಭರವಸೆ ಬೇಡ. ಪಿಎಸ್‌ಎ 280 ಇದ್ದದ್ದು ಒಂದಕ್ಕಿಂತ ಕೆಳಗೆ ಬಂತು. ಮೂರು ವರ್ಷ ಹಾಗೇ ಇತ್ತು. 2024ರಲ್ಲಿ ಏರತೊಡಗಿತು. ಈಗ ಎಂಜಲುಟಮೈಡ್ ಅನ್ನುವ, ಹಾರ್ಮೋನಿನ ಕೆಲಸ ತಡೆಯುವ ಇನ್ನೊಂದು ಮಾತ್ರೆ ನುಂಗುತ್ತಿದ್ದೇನೆ. ಸುಸ್ತು ಜಾಸ್ತಿ, ಮಧ್ಯಾಹ್ನ ಮಲಗಲೇಬೇಕು. ಬಿಆರ್‌ಸಿಎ ಅನ್ನುವ ಜೀನ್ ಪರೀಕ್ಷೆಗೆ ಕಳಿಸಿದ್ದಾರೆ. ಅದರಲ್ಲಿ ದೋಷ ಸಿಕ್ಕರೆ ಬೇರೆ ಮಾತ್ರೆ ಇದೆಯಂತೆ. ಮತ್ತೆ ತಮ್ಮಾ, ಅಪ್ಪನಿಗೆ ಇದ್ದರೆ ಮಗನಿಗೆ ಬರುವ ಸಾಧ್ಯತೆ ಸುಮಾರು ಎರಡು ಪಟ್ಟು. ನಿಮಗೆ 45 ದಾಟುತ್ತಿದ್ದಂತೆ ಪಿಎಸ್‌ಎ ಬಗ್ಗೆ ಡಾಕ್ಟರನ್ನು ಕೇಳಿ.

ಕೋಟೆ ಊರಿನ ಮಗಳು · ಗುರುವಾರ ರಾತ್ರಿ 10:20

ಕಾಲು ನೋಡುತ್ತಿರಿ ಅಣ್ಣಾ. ಅಷ್ಟೇ.

ಅಡಿಕೆ ತೋಟ, ಚನ್ನಗಿರಿ ತಾಲ್ಲೂಕು · ಮುಂದಿನ ಸೋಮವಾರ ಸಂಜೆ 6:40

ಖಂಡಿತ ಅಕ್ಕಾ, ದಿನಾ ಫೋನ್ ಮಾಡಿ ಕೇಳುತ್ತಿದ್ದೇನೆ. ಶನಿವಾರ ಹಲ್ಲು ತೋರಿಸಿದೆವು, ಎರಡು ಕೀಳಬೇಕಂತೆ.

ಅಮ್ಮ ಹಳೇ ಕಾಟನ್ ಸೀರೆಯ ಬಟ್ಟೆಯಲ್ಲಿ ಉಚ್ಚೆ ಚೀಲಕ್ಕೆ ಒಂದು ಸಂಚಿ ಹೊಲಿದಿದ್ದಾರೆ. ಎರಡು ಲಾಡಿ ಇದೆ, ತೊಡೆಗೆ ಕಟ್ಟಿಕೊಳ್ಳುವುದು. ಮೇಲೆ ಪಂಚೆ ಉಟ್ಟರೆ ಏನೂ ಕಾಣುವುದಿಲ್ಲ. ನಿನ್ನೆ ಸಂಜೆ ಅಪ್ಪ ಕಟ್ಟೆಗೆ ಹೋಗಿ ಒಂದು ಗಂಟೆ ಕೂತು ಬಂದರು.

ರೇಡಿಯೇಷನ್ ವಾರ್ಡ್ · ಸೋಮವಾರ ರಾತ್ರಿ 8:10

ಚೀಲ ಯಾವಾಗಲೂ ಹೊಟ್ಟೆಯ ಕೆಳಭಾಗಕ್ಕಿಂತ ಕೆಳಗೇ ಇರಲಿ. ಮೇಲೆ ಎತ್ತಿದರೆ ಉಚ್ಚೆ ವಾಪಸ್ ಹೋಗಿ ಸೋಂಕಾಗುತ್ತದೆ. ತೊಡೆ ಸರಿಯಾದ ಜಾಗ. ಲಾಡಿ ಬಿಗಿ ಬೇಡ. ಅರ್ಧ ತುಂಬಿದಾಗಲೇ ಖಾಲಿ ಮಾಡಿ.

ಹರಿಹರದ ಅಜ್ಜಿ · ಸೋಮವಾರ ರಾತ್ರಿ 8:45

ಮಗಾ, ಆ ಸಂಚಿಯ ಅಳತೆ ಹಾಕು. ನಮ್ಮ ಬೀದಿಯಲ್ಲಿ ಇನ್ನೊಬ್ಬರಿಗೆ ಬೇಕು.

ಅಡಿಕೆ ತೋಟ, ಚನ್ನಗಿರಿ ತಾಲ್ಲೂಕು · ಸೋಮವಾರ ರಾತ್ರಿ 9:12

ಅಮ್ಮನಿಗೆ ಫೋನ್ ಮಾಡಿದೆ. ಉದ್ದ ಒಂದೂಕಾಲು ಗೇಣು, ಅಗಲ ಒಂದು ಗೇಣಿಗೆ ಎರಡು ಬೆರಳು ಕಡಿಮೆ. ಟ್ಯೂಬ್ ಬರುವ ಕಡೆ ಹೊಲಿಯದೆ ಬಿಡಬೇಕಂತೆ, ಕೆಳಗೆ ಖಾಲಿ ಮಾಡುವ ನಲ್ಲಿ ಹತ್ತಿರ ಒಂದು ತೂತು. ಗಾಢ ಬಣ್ಣದ ಬಟ್ಟೆ ತಗೊಳ್ಳಿ ಅಂದರು.